ವಾಸನೆಯಿಲ್ಲದ ನೀಲಿ

“ಥೂ! ಹೆಣ ಇದು, ಹೆಣ!”

ಮೇಸ್ತ್ರಿ ಹಾಳೆಯನ್ನು ಮೂಗಿನ ಹತ್ತಿರದಿಂದ ಕಿತ್ತು ಮೇಜಿನ ಮೇಲೆ ಎಸೆದ. ಒಂದಡಿ ಅಗಲದ ವಿನೈಲ್ ತುಂಡು. ಮೈತುಂಬ ದಟ್ಟ ನೀಲಿ, ನಡುವೆ ಬಿಳಿಯ ಬಾಣದ ಗುರುತು. ಬಣ್ಣವೇನೋ ಚೆನ್ನಾಗಿಯೇ ಬಂದಿತ್ತು. ಅದಕ್ಕೇ ಅವನ ಮೈ ಇನ್ನಷ್ಟು ಉರಿಯಿತು.

ಕಿಟಕಿಯ ಬಳಿ ನಿಂತಿದ್ದ ತಂಗಿ ಎರಡೂ ಕದಗಳನ್ನು ಪೂರ್ತಿ ತೆರೆದಳು. ಬೋರ್ಡಿನ ಅಂಗಡಿ ಅವಳದು. ಪ್ರಿಂಟಿಂಗ್ ಮಾತ್ರ ಇಪ್ಪತ್ತೆರಡು ವರ್ಷಗಳಿಂದ ಈ ಅಣ್ಣನದು. ಅವನು ಬರುವ ಮುಂಚೆಯೇ ಅವಳು ಹಾಳೆ ತೆಗೆದು ಮೇಜಿನ ಮೇಲಿಟ್ಟು ಕಾಯುತ್ತಿದ್ದಳು.

“ಸರಿಯಾಗಿ ನೋಡಿದ್ಯಾ ಅಣ್ಣಾ? ಇನ್ನೊಂದ್ ಸಲ ಮೂಸು.”

“ಹತ್ತು ಸಲ ಮೂಸಿದ್ರೂ ಅಷ್ಟೇ. ಏನಿದೆ ಇದರಲ್ಲಿ ಮೂಸೋಕೆ?”

ಆದರೂ ಅಂಚು ಹಿಡಿದು ಎತ್ತಿ, ಮೂಗಿನ ತುದಿಯನ್ನು ನೀಲಿಗೆ ಒತ್ತಿ, ಕಣ್ಣು ಮುಚ್ಚಿ ಉಸಿರೆಳೆದ. ಏನೂ ಇಲ್ಲ. ಖಾಲಿ ಗಾಳಿ. ಮುಖ ಸಿಂಡರಿಸಿ ಹಾಳೆಯನ್ನು ಮತ್ತೆ ಎಸೆದ.

ಹೊಸ ಲ್ಯಾಟೆಕ್ಸ್ ಪ್ರಿಂಟರ್ ಮೊನ್ನೆಯಷ್ಟೇ ಬಂದು ಗಾಜಿನ ಕೋಣೆಯಲ್ಲಿ ಕೂತಿತ್ತು. ಇದರ ಇಂಕು ನೀರಿನದು, ಘಾಟು ಇರುವುದಿಲ್ಲ, ಪ್ರಿಂಟ್ ಒಳಗೇ ಕಾದು ಒಣಗಿ ಬರುತ್ತದೆ, ತಕ್ಷಣ ಲ್ಯಾಮಿನೇಷನ್ ಹಾಕಬಹುದು ಎಂದು ಅದನ್ನು ಕೂರಿಸಲು ಬಂದ ಇಂಜಿನಿಯರ್ ವಿವರಿಸಿದ್ದ. ಕೇಳಿದ್ದೇ ತಡ, ಮೇಸ್ತ್ರಿ ಮೂಗು ಮುರಿದು ಎದ್ದು ಹೋಗಿದ್ದ. ಆವತ್ತಿನಿಂದ ಅವನು ಗಾಜಿನ ಕೋಣೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಹಿಂದಿನ ಕೋಣೆಯ ಹಳೆಯ ಸಾಲ್ವೆಂಟ್ ಮಷಿನ್ನಿನ ಗತ್ತೇ ಬೇರೆ. ಅದರ ಇಂಕಿಗೆ ಕಣ್ಣು ಚುಚ್ಚುವ ಘಾಟು. ಪ್ರಿಂಟನ್ನು ನೇತುಹಾಕಿ ಆ ಘಾಟು ಹೋಗುವವರೆಗೆ ಕಾಯಬೇಕು. ಅವಸರಪಟ್ಟು ಮೇಲೆ ಲ್ಯಾಮಿನೇಷನ್ ಹಾಳೆ ಅಂಟಿಸಿದರೆ ಒಳಗೆ ಸಿಕ್ಕಿಕೊಂಡ ಆವಿ ಗುಳ್ಳೆ ಎಬ್ಬಿಸುತ್ತದೆ. ಬೇರೆ ಅಂಗಡಿಯವರು ಇದಕ್ಕೆ ಗಡಿಯಾರ ನೋಡುತ್ತಾರೆ. ಮೇಸ್ತ್ರಿ ಹಾಳೆಗೆ ಮೂಗು ಒತ್ತಿ ನೋಡುತ್ತಾನೆ. “ಇನ್ನೂ ಉಸಿರಾಡ್ತಿದೆ” ಎಂದರೆ ಬಿಡಬೇಕು, “ಹೂಂ” ಎಂದರೆ ಅಂಟಿಸಬೇಕು. ಆ ಮೂಗಿಗೆ ಕೆಲಸವೇ ಇಲ್ಲದ ಮಷಿನ್ ಬಂದು ಕೂತರೆ ಅವನಿಗೆ ಉಳಿಯುವುದೇನು?

ಅದಕ್ಕೇ ತಂಗಿ ಮಾತು ಕೊಟ್ಟಿದ್ದಳು. ಅವನು ಒಪ್ಪದೆ ಹಳೆಯದನ್ನು ಜಾಗದಿಂದ ಕದಲಿಸುವುದಿಲ್ಲ; ಒಂದು ಹಾಳೆ ತೆಗೆದು ಕೊಡುತ್ತಾಳೆ, ಅವನೇ ಮೂಸಿ ಹೇಳಲಿ.

ಒಪ್ಪುವುದಂತೆ! ಈಗಿನ ಕಾಲದಲ್ಲಿ ಒಪ್ಪುವಂಥದ್ದು ಯಾವುದು ಉಳಿದಿದೆ? ಮೂರು ತಿಂಗಳಿಂದ ಲ್ಯಾಮಿನೇಷನ್ ಹಾಳೆ ಮಾರುವವರೆಲ್ಲ ಕಳ್ಳರಾಗಿಬಿಟ್ಟಿದ್ದರು. ಔಷಧಿ ಅಂಗಡಿಯ ಬೋರ್ಡು ವಾರದೊಳಗೆ ಮೈತುಂಬ ಗುಳ್ಳೆ ಎದ್ದು ನಿಂತಿತು. ಶಾಲಾ ಬಸ್ಸಿನ ಮೇಲಿನ ಹೆಸರು ಸಿಪ್ಪೆ ಸುಲಿದುಕೊಂಡು ಬಂತು. ಮೂವರು ಮಾರಾಟಗಾರರನ್ನು ಬದಲಿಸಿದ್ದಾಯಿತು, ಎಲ್ಲರದೂ ಅದೇ ಕಸ. ಎದುರು ಅಂಗಡಿಯ ಟೀ ಬರೀ ಬಿಸಿನೀರು. ಮನೆಯಲ್ಲಿ ಹೆಂಡತಿಯ ಕೈಯೂ ಕೆಟ್ಟಿತ್ತು, ಏನು ಬಡಿಸಿದರೂ ಸಪ್ಪೆ. ಹಾಗೆಂದರೆ ಅವಳು ಮಕ್ಕಳ ಮುಖ ನೋಡುತ್ತಾಳೆ. ಯಾರಿಗೂ ಮಾಡುವ ಕೆಲಸದಲ್ಲಿ ನಿಯತ್ತಿಲ್ಲ ಎಂದು ಅವನಿಗೆ ಇಡೀ ಜಗತ್ತಿನ ಮೇಲೇ ಹೇಸಿಗೆ ಹುಟ್ಟಿತ್ತು.

“ಅಷ್ಟಗಲ ಕಿಟಕಿ ಯಾಕೆ ತೆಗ್ದೆ? ಧೂಳು ಬರುತ್ತೆ.”

“ತಲೆನೋವು ಅಣ್ಣಾ,” ಎಂದಳು ತಂಗಿ.

ಅಷ್ಟರಲ್ಲಿ ಔಷಧಿ ಅಂಗಡಿಯವಳು, ಆ ಗುಳ್ಳೆ ಬೋರ್ಡಿನ ಒಡತಿ, ಬಾಗಿಲಲ್ಲಿ ಕಾಣಿಸಿಕೊಂಡಳು. ಒಳಗೆ ಒಂದು ಹೆಜ್ಜೆ ಇಟ್ಟವಳೇ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು. ಮೇಸ್ತ್ರಿಯ ಮುಖ ನೋಡಿ ತಟ್ಟನೆ ಕಣ್ಣು ತಗ್ಗಿಸಿದಳು.

“ನೋಡು, ಗಿರಾಕಿಗೂ ಅಸಹ್ಯ ಆಗ್ತಿದೆ,” ಎಂದು ಮೇಸ್ತ್ರಿ ಹಾಳೆಯತ್ತ ಬೆರಳು ಮಾಡಿದ. “ಇದರಿಂದಾನೇ.”

“ಹೌದು,” ಎಂದಳು ತಂಗಿ. ಅವಳ ಕಣ್ಣುಗಳು ಕೆಂಪಗಾಗಿದ್ದವು. “ಇದರಿಂದಾನೇ.”

ಇಂಜಿನಿಯರ್ ಗಾಜಿನ ಕೋಣೆಯ ಬಾಗಿಲಲ್ಲಿ, ಇನ್ನೂ ಒಡೆಯದ ಒಂದು ಪೆಟ್ಟಿಗೆಯ ಮೇಲೆ ಕೈಯೂರಿ ನೆಲ ನೋಡುತ್ತಿದ್ದ. ಅಷ್ಟು ಹೊತ್ತಾದರೂ ಅವನು ತನ್ನ ಮಷಿನ್ ಪರವಾಗಿ ತುಟಿ ಬಿಚ್ಚಿರಲಿಲ್ಲ. ಸೋಲೊಪ್ಪಿಕೊಂಡ ಎಂದು ಮೇಸ್ತ್ರಿಗೆ ಒಳಗೊಳಗೇ ಖುಷಿಯಾಯಿತು.

“ಒಂದೇ ಮಾತು ಹೇಳ್ಬಿಡಣ್ಣಾ,” ತಂಗಿಯ ದನಿ ಸಣ್ಣದಾಯಿತು. “ಇದರ ಮೇಲೆ ಈಗ್ಲೇ ಲ್ಯಾಮಿನೇಷನ್ ಅಂಟಿಸಬಹುದಾ?”

“ಧಾರಾಳವಾಗಿ ಅಂಟಿಸು! ಘಾಟೇ ಇಲ್ಲದ ಹೆಣಕ್ಕೆ ಯಾವಾಗ ಬಟ್ಟೆ ಹೊದಿಸಿದ್ರೇನು?”

ತಂಗಿ ಗೋಡೆಗೆ ಒರಗಿದಳು. ಔಷಧಿ ಅಂಗಡಿಯವಳು ತಡೆಯಲಾರದೆ ತನ್ನ ಮೂಗಿನ ತುದಿಯನ್ನು ಮುಟ್ಟಿ ಸನ್ನೆ ಮಾಡಿದಳು. “ಮೇಸ್ತ್ರಿ... ನಿಮ್ಮ ಮೂಗು...”

ಅವನು ಮೂಗು ಸವರಿಕೊಂಡ. ಬೆರಳಿಗೆ ನೀಲಿ ಅಂಟಿತು. ಹಸಿ ಹಸಿ ನೀಲಿ.

ಬೆಳಗಿನಿಂದ ಮೊದಲ ಸಲ ಮೇಸ್ತ್ರಿ ನಕ್ಕ. ಬೆರಳನ್ನು ಇಂಜಿನಿಯರ್‌ನ ಮುಖಕ್ಕೇ ಹಿಡಿದ. “ನೋಡಪ್ಪಾ ಮಹಾನುಭಾವ! ಒಣಗೇ ಬರುತ್ತೆ ಅಂದ್ಯಲ್ಲಾ, ಇದೇನು? ಹೊತ್ಕೊಂಡ್ ಹೋಗು ನಿನ್ನ ಮಷಿನ್ನ!”

ಯಾರೂ ನಗಲಿಲ್ಲ. ತಂಗಿ ಬಂದು, ಆ ಬೆರಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

“ಹೊಸ ಮಷಿನ್ನಿಗೆ ಇನ್ನೂ ಇಂಕೇ ತುಂಬಿಲ್ಲ ಅಣ್ಣಾ. ಇದು ನಿನ್ನ ಹಳೇ ಮಷಿನ್ನಿಂದ ಈಗ ತಾನೇ ತೆಗೆದಿದ್ದು.”