ಮಾವನ ಪಾಲಿನ ಕೋಣೆ

ಚಾಪೆ ಎಳೆಯುವ ಸಣ್ಣ ಸದ್ದಿಗೆ ನಡುರಾತ್ರಿ ಎಚ್ಚರವಾಯಿತು. ಸೋದರಮಾವನ ಉತ್ತರಕ್ರಿಯೆಯ ಬೊಜ್ಜ ಅಂದೇ ಮುಗಿದಿತ್ತು. ಅಳಿಯಸಂತಾನದ ಕಾಲದಲ್ಲಾದರೆ ಮಾವನ ಪಾಲು ತಂಗಿಯ ಮಕ್ಕಳಾದ ನಮ್ಮಲ್ಲೇ ಉಳಿಯುತ್ತಿತ್ತು. ಕಾಯಿದೆ ಬಂದ ಮೇಲೆ ಅದು ಅವರ ಮಗ ಉಲ್ಲಾಸನಿಗೆ. ಬೊಜ್ಜದ ರಾತ್ರಿ ಮಗ ಯಾವ ಕೋಣೆಯಲ್ಲಿ ಮಲಗುತ್ತಾನೋ ಆ ಕೋಣೆ ಬೆಳಗಾಗುವುದರೊಳಗೆ ಎದ್ದು ಅವನ ಮನೆಗೆ ಹೋಗುತ್ತದೆ. ಅದಕ್ಕೇ ಅಮ್ಮ ಉಲ್ಲಾಸನಿಗೆ ಸೌದೆಕೋಣೆಯಲ್ಲಿ ಹಾಸಿಕೊಟ್ಟಿದ್ದಳು.

ಅವನು ಚಾಪೆ ಹಿಡಿದು ಚಾವಡಿಯಲ್ಲಿ ನಿಂತಿದ್ದ.

"ಎಂತ ಉಲ್ಲಾಸ, ಸೌದೆ ಚುಚ್ಚಿತಾ?"

"ತಮಾಷೆ ಬೇಡ ಅತ್ತಿಗೆ. ಅಪ್ಪ ನಿಮ್ಮನ್ನು ಮಲಗಿಸ್ತಾ ಇದ್ದದ್ದು ಯಾವ ಕೋಣೆಯಲ್ಲಿ?"

"ಯಾಕೆ?"

"ನಮ್ಮಲ್ಲಿಗೆ ಬಂದ್ರೆ ಅವರು ನೆಂಟರ ಹಾಗೆ. ಚಾ ಕುಡಿದು ಹೊರಡ್ತಿದ್ರು. ಅವರು ಅಪ್ಪನ ಹಾಗೆ ಇದ್ದ ಒಂದು ಕೋಣೆ ಸಾಕು ನನಗೆ."

ಅದು ನನ್ನ ಕೋಣೆ. ಈಗಲೂ ನಾನು ಮಲಗುವುದು ಅಲ್ಲೇ. ಬೇರೆ ಯಾವುದನ್ನು ತೋರಿಸಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾನು ಒಳಗೆ ಹೋಗಿ ದಿಂಬು, ಕನ್ನಡಕ ಎತ್ತಿಕೊಂಡು ಬಂದು ಬಾಗಿಲು ಬಿಟ್ಟು ನಿಂತೆ.

ಬೆಳಿಗ್ಗೆ ಆ ಜಾಗದಲ್ಲಿ ಬರೀ ಕೆಂಪು ಮಣ್ಣಿತ್ತು. ಗೇಟು ದಾಟುವಾಗ ಕೋಣೆ ಒಂದು ಹೆಂಚು ಬೀಳಿಸಿಕೊಂಡು ಹೋಗಿತ್ತು. ಅಮ್ಮ ಅದನ್ನು ಹಿಡಿದು ಕೂತಿದ್ದಳು.

"ಸೌದೆಕೋಣೆಯಲ್ಲಿದ್ದವನಿಗೆ ಇದನ್ನು ಯಾರು ತೋರಿಸಿದ್ದು ಮಾರಾಯ್ತಿ? ನೀನೆಲ್ಲಿ ಮಲಗಿದ್ದಿ?"

"ಸೆಕೆ ಅಂತ ಚಾವಡಿಗೆ ಬಂದಿದ್ದೆ" ಎಂದೆ.

ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿಯಾಗಿತ್ತು.