ಬೀಗರ ಮರ

ಗೈಡ್ ಪಲ್ಲವಿ ಗಾಜಿನ ಮನೆಯ ಕಥೆ ಮುಗಿಸಿ ತಿರುಗುವಷ್ಟರಲ್ಲಿ ದೇವೀರಮ್ಮನ ಸೊಸೆ ಕಾಣೆಯಾಗಿದ್ದಳು. ಹಿಂದೆ ಇಲ್ಲ, ಕಲ್ಲುಬೆಂಚಿನ ಮೇಲೂ ಇಲ್ಲ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಲಾಲ್‌ಬಾಗಿನ ಮರಗಳು ಅರ್ಧ ನಿದ್ದೆಯಲ್ಲಿ ನಿಂತಂತಿದ್ದವು. ಏಳು ತಿಂಗಳ ಬಸುರಿ, ಬರುವ ಕನ್ನಡ ಅಷ್ಟಕ್ಕಷ್ಟೆ, ಫೋನು ಬೇರೆ ಗಂಡ ಮಹದೇವನ ಜೇಬಿನಲ್ಲಿ. ಅವನು "ಮಿನತಿ, ಮಿನತಿ" ಎಂದು ಕೂಗುತ್ತಾ ಮಂಜಿನೊಳಗೆ ಓಡಿದ.

ದೇವೀರಮ್ಮನಿಗೆ ಓಡಲಾಗಲಿಲ್ಲ. ಕಂಕುಳಲ್ಲಿ ಮಡಿಲಕ್ಕಿಯ ಗಂಟಿತ್ತು. ನಿನ್ನೆ ತಮ್ಮನ ಹೊಸ ಮನೆಯ ಗೃಹಪ್ರವೇಶದಲ್ಲಿ ತವರಿನವರು ಅವಳ ಸೆರಗಿಗೆ ಹಾಕಿದ್ದ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ, ಅರಿಶಿನದ ಕೊಂಬು. ಅದನ್ನು ತನ್ನೂರು ಹೆಡತಲೆಗೆ ಒಯ್ದು ಪಾಯಸ ಮಾಡಿ ಮನೆಯವರೇ ಉಣ್ಣಬೇಕು, ತವರಿನ ಮಡಿಲಕ್ಕಿಯನ್ನು ಇನ್ನೊಬ್ಬರ ಸೆರಗಿಗೆ ಹಾಕುವುದುಂಟೇ ಎನ್ನುವ ಹೆಂಗಸು ಅವಳು. ಗಂಟನ್ನು ಮಗನ ಕೈಗೂ ಕೊಡದೆ ಬೆಂಗಳೂರೆಲ್ಲ ಹೊತ್ತು ತಿರುಗುತ್ತಿದ್ದಳು.

ಆ ಗೃಹಪ್ರವೇಶದಲ್ಲೇ ಯಾರೋ ಕೇಳಿದ್ದರು, ಸೊಸೆಗೆ ಮಡಿಲು ತುಂಬಿದ್ದಾಯಿತಾ ಎಂದು. ದೇವೀರಮ್ಮ ಅಡುಗೆಯವರ ಕಡೆ ಎದ್ದುಹೋಗಿದ್ದಳು. ಬಸುರಿಗೆ ಮೊದಲ ಮಡಿಲು ತವರಿನದೇ ಆಗಬೇಕೆಂಬುದು ಅವಳ ಹಟ. ಮಿನತಿಯ ತವರು ಒಡಿಶಾದ ಯಾವುದೋ ಕಾಡಂಚಿನ ಹಳ್ಳಿ. ನಂಜನಗೂಡಿನ ಬಟ್ಟೆ ಕಾರ್ಖಾನೆಗೆ ಹೊಲಿಗೆಗೆಂದು ಬಂದವಳು ಮಹದೇವನನ್ನು ಮದುವೆಯಾದ ಮೇಲೆ ಅವಳ ಅಪ್ಪ ಅಮ್ಮ ಫೋನು ಎತ್ತುವುದನ್ನೇ ಬಿಟ್ಟಿದ್ದರು. ಅವರು ಬರಲಿಲ್ಲ, ಅತ್ತೆ ಹಟ ಬಿಡಲಿಲ್ಲ, ಏಳನೇ ತಿಂಗಳು ಮುಗಿಯುತ್ತಾ ಬಂತು. ಎಂಟಕ್ಕೆ ಬಿದ್ದರೆ ಮಡಿಲು ತುಂಬುವ ಶಾಸ್ತ್ರವಿಲ್ಲ. ಹುಡುಗಿ ಬಾಯಿಬಿಟ್ಟು ಕೇಳಿದವಳಲ್ಲ, ಆದರೆ ನಿನ್ನೆ ಬೇರೆಯವರ ಸೆರಗಿಗೆ ಅಕ್ಕಿ ಬೀಳುವುದನ್ನು ನೋಡುತ್ತಾ ಕೂತಿದ್ದ ಅವಳ ಮುಖ ದೇವೀರಮ್ಮನ ಕಣ್ಣಿಗೆ ಬಿದ್ದಿತ್ತು. ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮಧ್ಯಾಹ್ನದ ರೈಲಿಗೆ ಹೊತ್ತಿದೆ, ತೋಟ ನೋಡಿಕೊಂಡು ಹೋಗೋಣ ಎಂದವನು ಮಹದೇವ. ಪಲ್ಲವಿ ಚೆನ್ನಾಗಿಯೇ ಹೇಳಿದ್ದಳು. ಹೈದರಾಲಿ ಶುರುಮಾಡಿದ ತೋಟ. ಅವನ ಮಗ ಟಿಪ್ಪು ದೂರದ ದೇಶಗಳಿಂದ ಬೀಜ, ಸಸಿ ತರಿಸಿದ. ಆಮೇಲೆ ಬಂದ ಬ್ರಿಟಿಷರೂ ಹಡಗಿನಲ್ಲಿ ಗಿಡ ತಂದರು. ನಮ್ಮದೇ ಅಂದುಕೊಂಡ ಮಳೆಮರವೂ ಸಮುದ್ರದಾಚೆಯದಂತೆ. ಊರ ಶಾಲೆಯ ಮುಂದೆ ಇರುವುದೂ ಅದೇನಾ ಎಂದು ದೇವೀರಮ್ಮ ಎರಡೆರಡು ಸಲ ಕೇಳಿದ್ದಳು. ಅಷ್ಟು ದೂರದ ಸಸಿ ಬಾಡದೆ ಹೇಗೆ ಬರುತ್ತದೆ ಎಂದದ್ದಕ್ಕೆ ಪಲ್ಲವಿ, ಬೇರಿಗೆ ಅದರ ಊರಿನ ಮಣ್ಣನ್ನೇ ಸುತ್ತಿ ಕಟ್ಟಿ ಕಳಿಸಿದರೆ ಬದುಕುತ್ತದೆ ಎಂದಿದ್ದಳು.

"ಅಂಗಾರೆ ಗಿಡಕ್ಕೂ ಮಡಿಲಕ್ಕಿ ಕಟ್ಟಿ ಕಳುಸ್ತಾರೆ ಅನ್ನು" ಎಂದು ದೇವೀರಮ್ಮ ನಕ್ಕಿದ್ದಳು. ಪಕ್ಕದಲ್ಲಿದ್ದ ಮಿನತಿ ನಗದೆ ಕತ್ತು ತಗ್ಗಿಸಿದ್ದು ಈಗ ನೆನಪಾಯಿತು.

ಕೊನೆಗೆ ಸಿಕ್ಕಿದಳು. ದಾರಿಯಿಂದ ತುಸು ಒಳಗೆ, ಎತ್ತರಕ್ಕೆ ನೆಟ್ಟಗೆ ಬೆಳೆದ ಒಂದು ಮರಕ್ಕೆ ಕೆನ್ನೆಯಿಟ್ಟು ನಿಂತಿದ್ದಳು. ಬಿಸಿಲು ಮಂಜಿನೊಳಗೆ ಇಳಿದು ಅವಳ ಸುತ್ತ ಹಾಲಿನಂತೆ ಹರಡಿತ್ತು. ಕಣ್ಣು ಮುಚ್ಚಿತ್ತು, ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ಮಧ್ಯೆ ಮಧ್ಯೆ ಯಾರೋ ಉತ್ತರ ಕೊಟ್ಟಂತೆ ತಲೆಯಾಡಿಸುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಹುಡುಗಿ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಮಹದೇವನೂ ಕೇಳಿರಲಿಲ್ಲ.

ಹೆಜ್ಜೆ ಸಪ್ಪಳಕ್ಕೆ ಕಣ್ಣು ಬಿಟ್ಟಳು. ಬೈಗುಳ ಬೀಳುತ್ತದೆಂದು ಹೆದರಿ ಅವಸರದಲ್ಲಿ ಅಂದಳು, "ಅತ್ತೆ, ಇದು ನಮ್ದು. ನಮ್ಮ ಊರಲ್ಲಿ ಇದೇ, ಎಲ್ಲಾ ಕಡೆ. ಅಮ್ಮ ಎಲೆ ಹೊಲೀತಾಳೆ, ಊಟಕ್ಕೆ." ಬಿದ್ದಿದ್ದ ಅಗಲವಾದ ಎಲೆಗಳೆರಡನ್ನು ಎತ್ತಿ, ಕಡ್ಡಿ ಚುಚ್ಚಿ ಜೋಡಿಸಿ ತೋರಿಸಿದಳು. ದೇವೀರಮ್ಮನೂ ಮುತ್ತುಗದ ಎಲೆ ಹಚ್ಚಿಯೇ ಬೆಳೆದವಳು. ಆ ಬೆರಳಿನ ಚಳಕ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹಿಂದೆಯೇ ಬಂದ ಪಲ್ಲವಿ, ಇದು ಸಾಲ ವೃಕ್ಷ, ಒಡಿಶಾ ಕಡೆಯ ಕಾಡುಗಳಲ್ಲಿ ಹೇರಳ ಎಂದಳು. ಇದನ್ನು ಯಾರು ತಂದು ನೆಟ್ಟರೋ ತನಗೂ ಗೊತ್ತಿಲ್ಲವಂತೆ.

ದೇವೀರಮ್ಮ ಕತ್ತೆತ್ತಿ ಮರವನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದಳು. ಮದುವೆಯಲ್ಲಿ ಬೀಗರ ಕಡೆಯ ಹಿರಿಯರನ್ನು ನೋಡುವ ನೋಟ ಅದು. ಆಮೇಲೆ ಗಂಟು ಬಿಚ್ಚಿದಳು.

"ಅವ್ವ, ಅದು ನಿನ್ ತವರಿಂದು" ಎಂದ ಮಹದೇವ.

"ಸುಮ್ಕಿರ್ಲಾ. ಇವ್ಳ ತವರು ಇಲ್ಲೇ ನಿಂತದೆ, ಕಣ್ ಕಾಣಾಕಿಲ್ವಾ?"

ಬೊಗಸೆಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ತುಂಬಿಕೊಂಡು ಮೊದಲು ಮರದ ಬುಡಕ್ಕೆ ಮುಟ್ಟಿಸಿದಳು, ಅದರ ಕೈಯಿಂದ ಇಸಿದುಕೊಂಡ ಹಾಗೆ. ಮಿನತಿ ಸೆರಗು ಒಡ್ಡಿದಳು. ಮೂರು ಬೊಗಸೆ ಬಿತ್ತು. ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು, ಹುಡುಗಿ ಒರೆಸಿಕೊಳ್ಳಲಿಲ್ಲ. ದೇವೀರಮ್ಮ ಅರಿಶಿನದ ಕೊಂಬನ್ನು ಸೆರಗಿನ ತುದಿಗೆ ಕಟ್ಟಿ ಸೊಸೆಯ ತಲೆ ಸವರಿದಳು.

ಮಹದೇವ ಹೊರಡೋಣವೆಂದು ಸನ್ನೆ ಮಾಡಿದ. ದೇವೀರಮ್ಮ ಕದಲಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಮರದ ಎದುರಿಗೆ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು.

"ಮೊದಲ್ನೇ ಎರ್ಗೆ ನಿಮ್ ಮನೇಲೇ ಆಗ್ಬೇಕಾಗಿತ್ತು ಬೀಗರೇ. ದೂರ ಆಯ್ತದೆ. ನಮ್ಮನೇಲೇ ಇಟ್ಕಂಡು ಬಾಣಂತನ ಮಾಡ್ತೀವಿ. ಒಪ್ಗೆ ಕೊಡ್ತೀರಾ?"

ಕೇಳಿದವಳು, ಬೀಗರು ಬಾಯಿ ಬಿಡುವವರೆಗೆ ಕಾಯುವ ಹಾಗೆ, ಕೈಮುಗಿದುಕೊಂಡು ಅಲ್ಲೇ ನಿಂತಳು.