ಚುಕ್ಕಿ ನೋಡಲು ಒಳ್ಳೆಯ ದಿನ

“ಅಮಾಸಿ ದಿನ, ಅದೂ ಕತ್ತಲಾದ ಮ್ಯಾಲೆ, ಮಂದೀನ್ನ ಹೊಲಕ್ಕ ಕರೀತೀರಿ? ತಲಿ ನೆಟ್ಟಗದನೋ ಇಲ್ಲೋ ನಿಮ್ದು?” ಎಂದು ಯಮುನಾಬಾಯಿ ಗಂಡನ ಕೈಯಲ್ಲಿದ್ದ ಕ್ಯಾಲೆಂಡರನ್ನು ಕಸಿದುಕೊಂಡು ಮತ್ತೆ ಮೊಳೆಗೆ ತಗುಲಿಸಿದರು.

ರಾಮಚಂದ್ರ ಮಾಸ್ತರರು ಪೆಚ್ಚಾದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ವರ್ಷವೇ ಅವರೊಂದು ದುರ್ಬೀನು ತರಿಸಿಕೊಂಡಿದ್ದರು. ಅಂದಿನಿಂದ ದಿನಾ ಸಂಜೆ ಅದನ್ನು ಹೊತ್ತುಕೊಂಡು ಒಬ್ಬರೇ ಮಾಳಿಗೆ ಹತ್ತುವುದು, ಆಕಾಶ ನೋಡುವುದು, ಇಳಿದು ಬಂದು ಊಟಕ್ಕೆ ಕೂಡುವುದು. ಊರಿಗೆಲ್ಲ ಒಮ್ಮೆ ಚುಕ್ಕಿ ತೋರಿಸಬೇಕೆಂಬ ಹುಚ್ಚು ಹತ್ತಿದ್ದು ಹೋದ ವರ್ಷ. ಎರಡು ಸಲ ಮಂದಿ ಕೂಡಿಸಿದ್ದೂ ಆಗಿತ್ತು. ಮೊದಲ ಸಲ ಶ್ರಾವಣ. ಮೋಡ ಮುಸುಕಿ, ಬಂದವರೆಲ್ಲ ಮಿರ್ಚಿ ಭಜಿ ತಿಂದು ಮನೆಗೆ ಹೋದರು. ಎರಡನೇ ಸಲ ಅವರಿವರ ಒತ್ತಾಯಕ್ಕೆ ಶೀಗಿ ಹುಣ್ಣಿಮೆ; ಬೆಳದಿಂಗಳಲ್ಲಿ ಚುಕ್ಕಿಗಳು ಅಳಿಸಿಹೋಗಿ, ಬಂದವರು ಅಂತ್ಯಾಕ್ಷರಿ ಆಡಿದರು. ವಿಜ್ಞಾನದ ಮಾಸ್ತರರಿಗೆ ಇದಕ್ಕಿಂತ ಅವಮಾನ ಬೇಕೆ! ಈ ಸಲವೂ ಕೆಟ್ಟರೆ ದುರ್ಬೀನು ಅಟ್ಟ ಸೇರಬೇಕು ಎಂದು ಹೆಂಡತಿ ಖಡಾಖಂಡಿತ ಹೇಳಿದ್ದರು. ಮಾಸ್ತರರು ಹೂಂ ಅಂದುಬಿಟ್ಟಿದ್ದರು.

ಅಷ್ಟೊತ್ತಿಗೆ ಹುಲಕೋಟಿಯ ಗೆಳೆಯ ದಾದಾಪೀರ ಒಂದು ಹೊರೆ ಹಸಿ ಕಡಲೆ ಗಿಡ ಹಿಡಿದು ಒಳಗೆ ಬಂದ. ಸಂಗತಿ ಕೇಳಿ ನಕ್ಕ. “ಥಂಡಿ ದಿನಾನ ಛಲೋ ಬಿಡ್ರಿ ಮಾಸ್ತರ, ಆಕಾಶ ತೊಳದಿಟ್ಟಂಗ ಇರ್ತೈತಿ. ನನ್ನ ಹೊಲದಾಗ ಜ್ವಾಳಾನೂ ಸೀತನಿಗೆ ಬಂದೈತಿ. ಹಸಿ ತೆನಿ ಸುಟ್ಟು ಕೊಡ್ತೀನಿ ಅಂದ್ರ ಯಾರ್ ಬರೂದಿಲ್ಲ? ಅಮಾಸಿ ಬ್ಯಾಡಂದ್ರ ಮರದಿನ ಮಾಡ್ರಿ.”

“ಮರದಿನ ಪಾಡ್ಯ. ಪಾಡ್ಯದ ದಿನ ಮನಿ ಬಿಟ್ಟು ಹೊಂಡಬಾರದು,” ಎಂದರು ಯಮುನಾಬಾಯಿ.

“ಅದರ ಮರದಿನ, ವೈನಿ?”

“ಬಿದಿಗಿ. ಅದಕ್ಕೇನೂ ತಕರಾರಿಲ್ಲ.”

ಬಿದಿಗೆಯ ಚಂದ್ರ ಉಗುರಿನಷ್ಟು. ಸೂರ್ಯನ ಬೆನ್ನು ಹಿಡಿದೇ ಮುಳುಗಿಬಿಡುತ್ತಾನೆ. ಮಾಸ್ತರರ ಮುಖ ಅರಳಿತು. “ಆತು ಹಂಗಾರ, ಸಂಕ್ರಮಣ ಆದಮ್ಯಾಲಿನ ಬಿದಿಗಿ!” ಎಂದವರೇ ಹೆಂಡತಿಯತ್ತ ತಿರುಗಿ, “ನೀ ಒಂದಿಷ್ಟು ಶೇಂಗಾ ಚಟ್ನಿ ಮಾಡಿಕೊಡು, ಸಾಕು,” ಎಂದರು.

ಬಿದಿಗೆಯ ಸಂಜೆ ದಾದಾಪೀರನ ಹೊಲದಲ್ಲಿ ಮಂದಿಯೋ ಮಂದಿ. ಚಟ್ನಿಯ ಡಬ್ಬಿ ಹೊತ್ತು ಯಮುನಾಬಾಯಿಯೂ ಬಂದಿದ್ದರು. ಮೋಡವಿಲ್ಲ, ಚಂದ್ರ ಮುಳುಗಿದ್ದಾಯಿತು, ದೂರದ ಗುಡ್ಡದ ಮೇಲೆ ಕರೆಂಟಿನ ಗಾಳಿ ಫ್ಯಾನುಗಳ ಕೆಂಪು ದೀಪ ಬಿಟ್ಟರೆ ಸುತ್ತ ಕತ್ತಲು. ಇನ್ನೇನು ಬೇಕು! ಆದರೆ ದಾದಾಪೀರ ತೆನೆ ಸುಡಲು ಕುಳ್ಳಿನ ಬೆಂಕಿ ಹಾಕಿದ್ದೇ ತಡ, ಇಡೀ ಮಂದಿ ದುರ್ಬೀನಿಗೆ ಬೆನ್ನು ಹಾಕಿ ಉರಿಯ ಸುತ್ತ ಕೂತುಬಿಟ್ಟಿತು. ಹೊಗೆ ನೇರ ಮೇಲೆದ್ದು ಮಾಸ್ತರರ ಆಕಾಶವನ್ನು ಮುಚ್ಚಿತು.

“ಗುರು ಗ್ರಹ ಮ್ಯಾಲೆ ಬಂದದ, ಬರ್ರೆಪಾ,” ಎಂದು ಮಾಸ್ತರರು ಕೂಗಿದರು.

“ಗುರು ಎಲ್ಲಿ ಓಡಿ ಹೋಗ್ತಾನ್ರಿ? ಸೀತನಿ ಆರಿದ್ರ ರುಚಿ ಕೆಡತೈತಿ,” ಎಂದ ಬೆಟಗೇರಿಯ ಮುದಕಪ್ಪ. ಎಲ್ಲರೂ ಹೋ ಎಂದು ನಕ್ಕರು.

ಮಾಸ್ತರರಿಗೆ ಅಳುವೇ ಬಂದಂತಾಯಿತು. ಸುಮ್ಮನೆ ದುರ್ಬೀನಿಗೆ ಮುಚ್ಚಳ ಹಾಕಿದರು. ಅಟ್ಟದ ಮೇಲೆ ಹಳೆಯ ತೊಟ್ಟಿಲಿನ ಪಕ್ಕ ಜಾಗ ಇದ್ದೀತು ಎಂದುಕೊಂಡರು.

ಯಮುನಾಬಾಯಿ ಅದನ್ನು ನೋಡಿದರು. ಚಟ್ನಿಯ ಡಬ್ಬಿ ಕೆಳಗಿಟ್ಟು, ಬುಟ್ಟಿಯಲ್ಲಿ ಮಣ್ಣು ತುಂಬಿಕೊಂಡು ಬಂದು ದಬಕ್ಕನೆ ಬೆಂಕಿಯ ಮೇಲೆ ಸುರಿದರು. “ತಿಂದ್ರಿಲ್ಲ ಹೊಟ್ಟಿ ತುಂಬ? ಇವರು ಹ್ವಾದ ವರ್ಷದಿಂದ ಈ ಒಂದು ದಿನಕ್ಕ ಪಂಚಾಂಗ ತಿರುವ್ಯಾರ. ಏಳ್ರಿ! ಆ ಮೊಬೈಲನೂ ಕಿಸೇದಾಗ ಇಡ್ರಿ!”

“ವೈನಿ, ಇನ್ನೊಂದು ಸೂಡು ತೆನಿ ಉಳದಾವ...” ಎಂದ ದಾದಾಪೀರ.

“ನಾಳೆ ಸುಡು.”

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ತುಸು ಹೊತ್ತು ಹಿಡಿಯಿತು. ಆಮೇಲೆ ನೋಡಿ, ತಲೆಯ ಮೇಲೆಲ್ಲ ಚುಕ್ಕಿಯೋ ಚುಕ್ಕಿ! ಮಾಸ್ತರರು ಬೆರಳೆತ್ತಿ, “ಅಕಾ, ಆ ಕೆಂಪನ್ನ ಚುಕ್ಕಿ, ಅದು ರೋಹಿಣಿ,” ಎಂದರು.

“ರೋಹಿಣಿ ಮಳಿ ಅಂತೀವಲ್ರಿ, ಅದೇನು?” ದಾದಾಪೀರ ಕತ್ತು ಮೇಲೆತ್ತಿ ನಿಂತೇಬಿಟ್ಟ. “ಹುಟ್ಟಿದಾಗಿಂದ ಇದರ ಹಾದಿ ಕಾಯ್ತೀನಿ, ಮಾರಿ ಇವತ್ತ ನೋಡಿದೆ ಮಾಸ್ತರ!”

ದುರ್ಬೀನಿನ ಮುಂದೆ ಸಾಲು ಹತ್ತಿತು. ನೋಡಿದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಎಲ್ಲರದೂ ಮುಗಿದ ಮೇಲೆ ಯಮುನಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಣ್ಣಿಟ್ಟರು. ಗುರುವಿನ ಮಗ್ಗುಲಲ್ಲಿ ಅವನ ಚಂದ್ರರು ಸಾಲಾಗಿ ನಿಂತಿದ್ದರು. ಆಕೆ ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಮಾಸ್ತರರ ಎದೆ ಹಿಗ್ಗಿತು. ಅಂತೂ ದಿನ ಆರಿಸಿದ್ದು ಸಾರ್ಥಕವಾಯಿತು!

“ಏನ್ರಿ, ಇವು ಇವತ್ತೊಂದ ದಿನ ಕಾಣ್ತಾವೋ?”

“ಛೇ ಛೇ, ಮೋಡ ಇಲ್ಲಂದ್ರ ದಿನಾ ಏನರ ಒಂದು ಕಾಣ್ತದ,” ಎಂದರು ಮಾಸ್ತರರು ಉಬ್ಬಿ. “ನಮ್ಮ ಮಾಳಗಿ ಮ್ಯಾಲಿಂದನೂ ಛಲೋ ಕಾಣ್ತದ.”

ಯಮುನಾಬಾಯಿ ದುರ್ಬೀನಿನಿಂದ ಕಣ್ಣು ತೆಗೆದು ಗಂಡನ ಕಡೆ ನೋಡಿದರು.

“ಮತ್ತ ಇಷ್ಟು ವರ್ಷ ಒಬ್ಬರ ಯಾಕ ಹತ್ತತಿದ್ರಿ?”